ಕಿಡಿಯಕ್ಕನ ಎಡ ಹೆಗಲು

ಹೃದಯ ಅನ್ನುವುದರ ಮೇಲೆ ಲೋಕ ಏನೇನೋ ಹಾಡು ಕಟ್ಟಿಕೊಂಡಿರಲಿ, ನಮ್ಮ ಕಿಡಿಯಕ್ಕನ ಪಾಲಿಗೆ ಅದೊಂದು ಕೆಟ್ಟುಹೋದ ವೈರಿಂಗು, ಅಷ್ಟೇ. ತನ್ನ ಶೆಡ್ಡಿನಲ್ಲಿ ಕಬ್ಬಿಣದ ಮೆಟ್ಟಿಲಿಗೆ ವೆಲ್ಡಿಂಗ್ ಮಾಡುತ್ತಿದ್ದವಳು ದೊಪ್ಪೆಂದು ಬಿದ್ದಳು, ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚದ ಮೇಲಿದ್ದಳು. ಹೃದಯದ ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು, ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಕರೆಂಟು ಹೋಗುವ ದಾರಿಯೇ ಕಡಿದುಹೋಗಿದೆ, ಅದಕ್ಕೇ ಬಡಿತ ನಡುನಡುವೆ ನಿಲ್ಲುತ್ತಿದೆ ಎಂದು ಮೆಲ್ಲಗೆ ಬಿಡಿಸಿ ಹೇಳಿದರು. ಇವಳು ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ಹೊಸ ವೈರು ಎಳೀರಿ. ಅದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡಿದ್ದೀರಿ?"

ಎಳೆದರು. ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪೇಸ್‌ಮೇಕರ್ ಇಟ್ಟು ಹೊಲಿದರು. ಅದರ ತಂತಿ ಹೃದಯದೊಳಗೆ ಇಳಿದು, ಬಡಿತ ತಪ್ಪಿದಾಗೆಲ್ಲ ಒಳಗಿಂದಲೇ ತಟ್ಟಿ ಎಬ್ಬಿಸತೊಡಗಿತು.

ಐವತ್ತೊಂದಕ್ಕೇ ವೈರಿಂಗು ಕೆಡಲು ಕಾರಣವಿತ್ತು. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವಳ ಕುತ್ತಿಗೆಗೂ ಎದೆಗೂ ಗಂಟುಗಳ ಕ್ಯಾನ್ಸರ್ ಬಂದಿತ್ತು. ಬದುಕುವುದೇ ಇಲ್ಲ ಅಂದಿದ್ದರು. ಎದೆಗೆ ವಾರಗಟ್ಟಲೆ ವಿಕಿರಣ ಹಾಯಿಸಿ ಉಳಿಸಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾವೇನೋ ಸತ್ತಿತು. ಕೋಲು ಮಾತ್ರ ಮೂವತ್ತು ವರ್ಷ ತಡೆದು ಬಿರುಕು ಬಿಟ್ಟಿತು. ಆ ಕಿರಣಗಳು ರೋಗದ ಜೊತೆಗೆ ಹೃದಯವನ್ನೂ ಸುಟ್ಟಿದ್ದವು. ಕರೆಂಟಿನ ದಾರಿ ಹೋಯಿತು, ಒಂದು ಕವಾಟವೂ ಗಡುಸಾಗತೊಡಗಿದೆ, ಅದಕ್ಕೆ ಈ ಯಂತ್ರ ಏನೂ ಮಾಡದು, ಮುಂದೊಂದು ದಿನ ಎದೆ ತೆರೆಯಬೇಕಾದೀತು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಆ ದಿನ ಬಂದಾಗ ನೋಡ್ಕೊಳ್ಳೋಣ" ಎಂದು ಇವಳು ಅಂದಿದ್ದಳು.

ಅವಳನ್ನು ಕಾಡುತ್ತಿದ್ದ ಚಿಂತೆಯೇ ಬೇರೆ. ಮೂರಂತಸ್ತಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ, ಬೆಂಕಿ ಬಿದ್ದರೆ ಇಳಿದು ಓಡಲು ಹೊರಗಡೆ ಒಂದು ಕಬ್ಬಿಣದ ಏಣಿಮೆಟ್ಟಿಲು ಬೇಕಾಗಿತ್ತು. ನಲವತ್ತೆರಡು ಮೆಟ್ಟಿಲು. ಇಪ್ಪತ್ತಾರು ಮುಗಿಸಿ ಬಿದ್ದಿದ್ದಳು. ಉಳಿದ ಹದಿನಾರು ಶೆಡ್ಡಿನಲ್ಲಿ ತುಂಡುತುಂಡಾಗಿ ಬಿದ್ದು ತುಕ್ಕು ಹಿಡಿಯುತ್ತಿದ್ದವು.

ಮನೆಯಲ್ಲಿ ಆರು ವಾರ ಅವಳನ್ನು ಕಾದವರು ಗಂಡ. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದ ಮನುಷ್ಯ. ಒಂದು ಅಲ್ಪವಿರಾಮ ತಪ್ಪಿಹೋದರೆ ಆ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಅದಕ್ಕೇ ಮುದ್ರಣಾಲಯದವರು ಅವರಿಗೆ 'ಕಾಮಾ ರಾಯರು' ಎಂದು ಹೆಸರಿಟ್ಟಿದ್ದರು. ಆಸ್ಪತ್ರೆಯವರು ಕೊಟ್ಟ ಸೂಚನೆಯ ಹಾಳೆಯನ್ನು ಕಾಮಾ ರಾಯರೇ ದಿನಾ ಬೆಳಿಗ್ಗೆ ಓದಿ ಹೇಳುತ್ತಿದ್ದರು.

"ಎಡಗೈ ಹೆಗಲಿಗಿಂತ ಮೇಲೆತ್ತಬಾರದು, ಆರು ವಾರ. ಮೊಬೈಲು ಎದೆ ಜೇಬಲ್ಲಿ ಇಡಬಾರದು. ವೆಲ್ಡಿಂಗ್ ಮಾಡಬಾರದು."

"ಆರು ವಾರಾನಾ, ಇಲ್ಲಾ ಯಾವಾಗ್ಲೂನಾ?"

"ವೆಲ್ಡಿಂಗ್ ಮಾಡಬಾರದು. ಪೂರ್ಣವಿರಾಮ. ಹಾಗಂತ ಇದೆ ಕಣೇ, ನಾನೇನು ಮಾಡ್ಲಿ?"

ಅಚ್ಚಾದ ಮಾತು ಅಂದಮೇಲೆ ಅವಳು ಮರುಮಾತಾಡಲಿಲ್ಲ. ಅವರು ಓದಿದ್ದರಲ್ಲಿ ತಪ್ಪಿರಲು ಸಾಧ್ಯವೇ? ಪಕ್ಕದ ಬೀದಿಯ ಬಡಗಿಗೆ ಹಲಗೆ ಇಡಲು ಜಾಗ ಬೇಕಿತ್ತು. ಶೆಡ್ಡನ್ನು ಅವನಿಗೆ ಬಿಟ್ಟುಕೊಡುವ ಮಾತಾಯಿತು. ಬುಧವಾರ ಕೀಲಿ ಕೊಡುವುದೆಂದೂ ಆಯಿತು. ಕಿಡಿಯಕ್ಕ ಹೂಂ ಅಂದಳು. ಹೂಂ ಅಂದವಳು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೊಮ್ಮೆ ಒಗೆದಳು. ಅಷ್ಟು ಸಂಕಟವಾಗಿತ್ತು ಅವಳಿಗೆ.

ಭಾನುವಾರ ಮಧ್ಯಾಹ್ನ ಕಾಮಾ ರಾಯರು ನಿದ್ದೆಗೆ ಜಾರಿದ್ದರು. ಉಳಿದ ಹದಿನಾರು ಮೆಟ್ಟಿಲು ಯಾರೇ ಮಾಡಲಿ, ಅಳತೆಯಾದರೂ ಬರೆದಿಡೋಣ ಎಂದು ಕಿಡಿಯಕ್ಕ ಕಾಗದ ಹುಡುಕಿದಳು. ಗಂಡನ ದಪ್ಪ ನಿಘಂಟಿನ ನಡುವೆ ಮಡಿಸಿದ ಹಾಳೆಯೊಂದು ಕಂಡಿತು. ಬಿಡಿಸಿದರೆ ಆಸ್ಪತ್ರೆಯದು. ಕನ್ನಡಕ ಏರಿಸಿ ಓದಿದಳು. ಏಳನೇ ಸಾಲು: 'ವೈದ್ಯರನ್ನು ಕೇಳದೆ ವೆಲ್ಡಿಂಗ್ ಮಾಡಬಾರದು.'

ಇನ್ನೊಂದು ಸಲ ಓದಿದಳು. ಬೆರಳಿಟ್ಟು ಮೂರನೇ ಸಲ ಓದಿದಳು. ಆಮೇಲೆ ಆ ನಿಘಂಟನ್ನು ಎತ್ತಿ ಗಂಡನ ಮಂಚದ ಪಕ್ಕದ ಮೇಜಿನ ಮೇಲೆ ದಬಾರನೆ ಇಟ್ಟಳು. ಅವರು ಬೆಚ್ಚಿ ಎದ್ದರು.

"ರೀ, ಎರಡು ಪದ ಎಲ್ಲಿ ಹೋಯ್ತು?"

"ಯಾವ ಪದ?"

"'ವೈದ್ಯರನ್ನು ಕೇಳದೆ'. ಅಲ್ಪವಿರಾಮ ಬಿಟ್ರೆ ಊಟ ಬಿಡೋರು ನೀವು. ದಿನಾ ಎರಡೆರಡು ಪದ ನುಂಗಿ ಎರಡೆರಡು ಹೊತ್ತು ಊಟ ಮಾಡಿದ್ದೀರಲ್ಲ, ಹೇಗ್ರೀ ಇಳೀತು ಗಂಟಲಲ್ಲಿ?"

ಕಾಮಾ ರಾಯರು ಗೋಡೆ ನೋಡಿದರು, ಚಾಪೆ ನೋಡಿದರು.

"ನೀನು ಬಿದ್ದಾಗ ನಾನೇ ಕಣೇ ನೋಡಿದ್ದು" ಎಂದರು ಕೊನೆಗೆ. "ಊಟದ ಡಬ್ಬಿ ತಂದಿದ್ದೆ. ನಿನ್ನ ಮುಖದ ಮೇಲಿಂದ ಆ ಕಪ್ಪು ಗಾಜಿನ ಮುಖವಾಡ ತೆಗೆದೆ. ಒಳಗೆ ನೀನೇ ಇರಲಿಲ್ಲ. ಇನ್ನೊಂದು ಸಲ ಅದನ್ನ ನೋಡೋಕೆ ನನ್ನ ಕೈಲಾಗಲ್ಲ. ನಂಗೆ ಭಯ, ಅಷ್ಟೇ."

ಅವಳಿಗೆ ಮರುಕ ಹುಟ್ಟಿದ್ದು ನಿಜ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ನಿಮ್ಮ ಭಯ ನಿಮ್ಮದು ಅಂತ ಹೇಳಿದ್ರೆ ಕೇಳ್ತಿದ್ದೆ. ಅದನ್ನ ಅಚ್ಚಿನ ಅಕ್ಷರ ಅಂತ ಓದಿದ್ರಲ್ಲ! ನಾಳೆ ಆಸ್ಪತ್ರೆಗೆ ನಡೀರಿ. ಕೇಳಿಯೇ ಬಿಡ್ತೀನಿ."

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಕೇಳಿಸಿಕೊಂಡ ಕೂಡಲೇ ತಲೆ ಅಲ್ಲಾಡಿಸಿದರು. "ಬೇಡಮ್ಮ. ವೆಲ್ಡಿಂಗ್ ಕೇಬಲಲ್ಲಿ ಹರಿಯೋ ಕರೆಂಟು ಯಂತ್ರಕ್ಕೆ ಗೊಂದಲ ಮಾಡುತ್ತೆ. ಅದು ಹೃದಯ ತಾನೇ ಬಡೀತಿದೆ ಅಂದ್ಕೊಂಡು ಸುಮ್ಮನಾಗಿಬಿಡುತ್ತೆ. ನಿಮ್ಮ ಹೃದಯ ಪೂರಾ ಅದನ್ನೇ ನಂಬಿದೆ."

"'ಕೇಳದೆ ಮಾಡಬಾರದು' ಅಂತ ನೀವೇ ಬರೆದಿದ್ದೀರಿ. ಕೇಳಿದ್ದಾಯ್ತು. 'ಬೇಡ ಅಂದ್ರೆ ಬಿಡಬೇಕು' ಅಂತ ಎಲ್ಲೂ ಬರೆದಿಲ್ಲ" ಎಂದಳು ಕಿಡಿಯಕ್ಕ.

ಮೂಲೆಯಲ್ಲಿ ಕುಳಿತಿದ್ದ, ಪೇಸ್‌ಮೇಕರ್ ತಪಾಸಣೆ ಮಾಡುವ ಟೆಕ್ನಿಷಿಯನ್ ಹೆಂಗಸು ಕಿಸಕ್ಕನೆ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ಕ್ಷಮೆ ಕೇಳುತ್ತಲೇ, ದಾರಿ ಇಲ್ಲದೇ ಇಲ್ಲ ಮೇಡಂ ಎಂದಳು. ಸಣ್ಣ ರಾಡು, ಕಡಿಮೆ ಕರೆಂಟು. ಎರಡೂ ಕೇಬಲು ಒಟ್ಟಿಗೆ ಸುತ್ತಿ ನೆಲದ ಮೇಲೇ ಇರಬೇಕು. ಕರೆಂಟು ವಾಪಸು ಹೋಗುವ ಅರ್ಥ್ ಕ್ಲಿಪ್ಪು ಕೆಲಸದ ಪಕ್ಕದಲ್ಲೇ ಹಾಕಬೇಕು. ಮೆಷಿನ್ನು ಐದಡಿ ಆಚೆಗಿರಬೇಕು. ಟಕಟಕ ಅಂತ ಮೇಲಿಂದ ಮೇಲೆ ಕಿಡಿ ಹೊಡೆಯಬಾರದು. ತಲೆ ತಿರುಗಿದರೆ ಆ ಕ್ಷಣವೇ ಕೈಬಿಡಬೇಕು. ಒಬ್ಬಳೇ ಇರಲೇಬಾರದು.

ಡಾಕ್ಟರಮ್ಮ ಅವಳ ಹೊಲಿಗೆಯ ಗಾಯವನ್ನು ಇನ್ನೊಮ್ಮೆ ನೋಡಿದರು. ಕೊನೆಗೆ ಬಡಿತ ದಾಖಲಿಸುವ ಪುಟ್ಟ ಡಬ್ಬಿಯೊಂದನ್ನು ತರಿಸಿ, ಅದರ ತಂತಿಗಳನ್ನು ಅವಳ ಎದೆಗೆ ಅಂಟಿಸಿದರು.

"ಇವತ್ತು ಒಂದು ದಿನ, ಇವಳು ಹೇಳಿದ ಹಾಗೇ ಮಾಡಿ. ಕೂತ್ಕೊಂಡೇ ಮಾಡಿ. ಯಾವ ಹೊತ್ತಲ್ಲಿ ಏನು ಮಾಡಿದ್ರಿ ಅಂತ ನಿಮ್ಮ ಯಜಮಾನರು ಈ ಪುಸ್ತಕದಲ್ಲಿ ಬರೀಲಿ. ನಾಳೆ ನೋಡ್ತೀನಿ. ಒಂದೇ ಒಂದು ಸಲ ಬಡಿತ ನಿಂತಿದ್ರೂ ಶೆಡ್ಡಿಗೆ ಬೀಗ. ಒಪ್ಪಿಗೇನಾ?"

"ಒಪ್ಪಿಗೆ."

ಶೆಡ್ಡಿನ ಬಾಗಿಲು ತೆರೆದಾಗ ಅವಳಿಗೆ ಅಳು ಬಂತು. ತುಕ್ಕು, ಧೂಳು, ಸುಟ್ಟ ಕಬ್ಬಿಣದ ಕಮಟು, ಎಲ್ಲ ಅವಳದೇ ಆಗಿತ್ತು. ಕೇಬಲುಗಳನ್ನು ಸುತ್ತಿ ನೆಲಕ್ಕೆ ಹಾಕಿದಳು, ಮೆಷಿನ್ನನ್ನು ಬಾಗಿಲ ಬಳಿಗೆ ತಳ್ಳಿಸಿದಳು. ಕಾಮಾ ರಾಯರು ಸ್ಟೂಲಿನ ಮೇಲೆ, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ನು ಹಿಡಿದು ಕೂತರು. ಕಿಡಿಯಕ್ಕ ಮುಖವಾಡ ಇಳಿಸಿ ರಾಡು ತಾಗಿಸಿದಳು. ಚರ್ರೆಂದು ಬೆಳಕು ಹತ್ತಿತು. ಏನೂ ಆಗಲಿಲ್ಲ. ಎರಡನೇ ಜೋಡಣೆ, ಮೂರನೆಯದು, ಏನೂ ಆಗಲಿಲ್ಲ. ಹನ್ನೊಂದೂವರೆಯ ಹೊತ್ತಿಗೆ ಇಪ್ಪತ್ತೇಳನೇ ಮೆಟ್ಟಿಲು ನಿಂತಿತ್ತು. ಅವಳು ಸಣ್ಣಗೆ ಶಿಳ್ಳೆ ಹಾಕತೊಡಗಿದ್ದಳು.

ಅಲ್ಲೇ ಎಡವಟ್ಟಾಯಿತು. ವೆಲ್ಡಿಂಗಿನವರಿಗೆಲ್ಲ ಒಂದು ಚಾಳಿ. ಕೇಬಲಿನ ಭಾರ ಕೈಯನ್ನು ಜಗ್ಗಬಾರದೆಂದು ಅದನ್ನು ಹೆಗಲ ಮೇಲೆ ಎಸೆದುಕೊಳ್ಳುತ್ತಾರೆ. ಮೂವತ್ತು ವರ್ಷದಿಂದ ಅವಳ ಕೈ ಎಸೆಯುತ್ತಿದ್ದದ್ದು ಎಡ ಹೆಗಲಿಗೆ. ಮನಸ್ಸು ಹಗುರಾದದ್ದೇ ತಡ, ಕೈ ತನ್ನ ಪಾಡಿಗೆ ತಾನು ಕೇಬಲನ್ನು ಎತ್ತಿ ಎಡ ಹೆಗಲಿಗೆ, ಸರಿಯಾಗಿ ಆ ಯಂತ್ರದ ಮೇಲೆಯೇ ಹಾಕಿತು. ರಾಡು ತಾಗಿತು. ನೆಲ ತೇಲಿದಂತಾಯಿತು. ಕಣ್ಣಿಗೆ ಕತ್ತಲೆ ಕವಿಯುವಷ್ಟರಲ್ಲಿ ಅವಳು ರಾಡು ಬಿಸುಟಳು. ಒಳಗಿನ ಯಂತ್ರ ಮತ್ತೆ ತಟ್ಟತೊಡಗಿತು.

ಕಾಮಾ ರಾಯರು ಹಾರಿ ಬಂದು ಮುಖವಾಡ ಎತ್ತಿದರು. ಅವರ ಮುಖವೇ ಬಿಳಿಚಿಕೊಂಡಿತ್ತು.

"ಇದೀನಿ, ಇದೀನಿ" ಎಂದಳು ಕಿಡಿಯಕ್ಕ, ಏದುಸಿರು ಬಿಡುತ್ತ. "ನೀರು ಕೊಡಿ."

ನೀರು ಕುಡಿದು ಅವಳು ಎದೆಯ ಮೇಲಿನ ತಂತಿಗಳನ್ನು ಮುಟ್ಟಿ ನೋಡಿಕೊಂಡಳು. ಡಬ್ಬಿ ಎಲ್ಲವನ್ನೂ ಬರೆದುಕೊಂಡಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬುಧವಾರ ಬಡಗಿ ಬರುತ್ತಾನೆ.

"ಮನೆಗೆ ಹೋಗೋಣ ಕಣೇ" ಎಂದರು ಅವರು. "ತಲೆ ಸುತ್ತು ಬಂತು ಅಂತ ಬರೀತೀನಿ."

"ಅಷ್ಟೇ ಬರೆದ್ರೆ ಅರ್ಧ ಬರೆದ ಹಾಗೆ. ಪೂರ್ತಿ ಬರೀರಿ. 'ಹನ್ನೊಂದು ಮೂವತ್ನಾಲ್ಕು. ಕೇಬಲನ್ನು ಎಡ ಹೆಗಲ ಮೇಲೆ ಹಾಕಿದಳು. ತಲೆ ಸುತ್ತಿತು.' ಈ ಸಲ ಒಂದಕ್ಷರ ನುಂಗಿದ್ರೂ ನಿಮ್ಮನ್ನ ಸುಮ್ಮನೆ ಬಿಡಲ್ಲ."

ಅವರು ಬರೆದರು. ಅಕ್ಷರ ಎಂದಿನಂತೆ ದುಂಡಗೇ ಇತ್ತು. ಅವಳು ಅರ್ಧ ಗಂಟೆ ಸುಧಾರಿಸಿಕೊಂಡಳು. ಆಮೇಲೆ ಹಳೆಯ ಹಗ್ಗವೊಂದನ್ನು ತಂದು, "ಎಡ ಹೆಗಲಿಗೆ ಬರದ ಹಾಗೆ ಕೇಬಲನ್ನ ಇದರಿಂದ ಕೆಳಗೇ ಕಟ್ಟಿ" ಎಂದಳು. ಅವರು ಬೇಡ ಬೇಡ ಅನ್ನುತ್ತಲೇ ಕೇಬಲನ್ನು ಬೆಂಚಿನ ಕಾಲಿಗೆ ಬಿಗಿದರು. ಸಂಜೆಯೊಳಗೆ ಇಪ್ಪತ್ತೆಂಟನೇ ಮೆಟ್ಟಿಲೂ ನಿಂತಿತು.

ಮಂಗಳವಾರ ಡಾಕ್ಟರಮ್ಮ ಪರದೆಯ ಮೇಲೆ ಗೆರೆಗಳನ್ನು ಸರಿಸುತ್ತ ಹೋದರು. ಹನ್ನೊಂದು ಮೂವತ್ನಾಲ್ಕಕ್ಕೆ ಬೆರಳು ನಿಂತಿತು. ಅಲ್ಲಿ ಮೂರು ಸೆಕೆಂಡು ಗೆರೆ ಸಪಾಟಾಗಿ ಮಲಗಿತ್ತು.

"ಮಾತು ಕೊಟ್ಟಿದ್ರಿ" ಎಂದರು ಅವರು, ಸಿಟ್ಟಿಲ್ಲದೆ. "ನಂಗೂ ಬೇಜಾರೇ. ಆದ್ರೆ ಇದನ್ನ ನೋಡಿ ಹೂಂ ಅನ್ನೋಕೆ ಹೇಗಾಗುತ್ತೆ?"

"ಪುಸ್ತಕಾನೂ ಓದಿ."

ಓದಿದರು. ಟೆಕ್ನಿಷಿಯನ್ ಬಗ್ಗಿ ನೋಡಿ, ಆಮೇಲಿನ ನಾಲ್ಕು ಗಂಟೆಯಲ್ಲಿ ಒಂದೂ ಬಡಿತ ತಪ್ಪಿಲ್ಲ ಎಂದಳು. ಡಾಕ್ಟರಮ್ಮ ಆದರೂ ತಲೆ ಅಲ್ಲಾಡಿಸಿದರು. ಷರತ್ತು ಷರತ್ತೇ.

ಕಿಡಿಯಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಮಾತು ತಪ್ಪಿದ್ದು ನಾನೇ, ಇಲ್ಲ ಅನ್ನಲ್ಲ. ಒಂದೇ ಒಂದು ಕೇಳ್ತೀನಿ ಡಾಕ್ಟರಮ್ಮ. ಮೂವತ್ತು ವರ್ಷದ ಹಿಂದೆ ನಿಮ್ಮ ಹಿರಿಯರು ನನ್ನ ಎದೆಗೆ ಕಿರಣ ಬಿಟ್ರು. ರೋಗಾನೂ ಸುಟ್ರು, ಹೃದಯಾನೂ ಸುಟ್ರು. ಈಗಲೂ ಹಾಗೇ ಬಿಡ್ತಾರಾ?"

"ಇಲ್ಲ, ಇಲ್ಲ. ಈಗ ಅಳತೆ ಕಡಿಮೆ. ಹೃದಯ ತಪ್ಪಿಸಿ ಗುರಿ ಇಡ್ತಾರೆ."

"ಅಂದ್ರೆ, ನನ್ನಂಥವರ ಹೃದಯ ಹಾಳಾಗಿದ್ದು ಗೊತ್ತಾದ್ಮೇಲೆ ಕಿರಣ ಬಿಡೋದನ್ನೇ ನಿಲ್ಲಿಸಲಿಲ್ಲ. ಆ ಕೋಣೆಗೆ ಬೀಗ ಹಾಕಲಿಲ್ಲ. ಎಲ್ಲಿ ತಪ್ಪಾಯ್ತು ನೋಡಿ ಗುರಿ ತಿದ್ಕೊಂಡ್ರಿ. ತಿದ್ಕೊಂಡಿದ್ದಕ್ಕೇ ಇವತ್ತು ಎಷ್ಟೋ ಜನ ಬದುಕಿದಾರೆ. ನಿಮಗೆ ತಿದ್ಕೊಳ್ಳೋಕೆ ಮೂವತ್ತು ವರ್ಷ ಸಿಕ್ತು. ನಂಗೆ ಮೂರು ಸೆಕೆಂಡಿಗೇ ಬೀಗಾನಾ? ತಪ್ಪಿದ್ದು ನನ್ನ ಹೆಗಲು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ. ಸುಟ್ಟ ಹೃದಯ ಇಟ್ಕೊಂಡೇ ಮೂವತ್ತು ವರ್ಷ ಕಬ್ಬಿಣ ಕೂಡಿಸಿದ್ದೀನಿ ನಾನು. ಉಳಿದಷ್ಟು ದಿನ ಗೋಡೆ ನೋಡ್ತಾ ಕೂರೋಕೆ ಅಂತ ಅಲ್ಲ ಆವತ್ತು ಬದುಕಿದ್ದು."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. ಆಮೇಲೆ ಕಾಮಾ ರಾಯರ ಕಡೆ ತಿರುಗಿದರು.

"ದಿನಾ ಪಕ್ಕದಲ್ಲಿ ಕೂರೋಕೆ ನಿಮ್ಮ ಕೈಲಾಗುತ್ತಾ? ಕೇಬಲ್ ಕಾಯೋಕೆ?"

ಕಾಮಾ ರಾಯರು ಹೆಂಡತಿಯನ್ನು ನೋಡಿದರು. ಅವರಿಗೆ ಭಯ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ.

"ತಪ್ಪು ಹುಡುಕೋದೇ ನನ್ನ ಕಸುಬು" ಎಂದರು.

"ಹಾಗಾದ್ರೆ ಇನ್ನೊಂದು ವಾರ ಈ ಡಬ್ಬಿ ಕಟ್ಟಿ ಕಳಿಸ್ತೀನಿ" ಎಂದರು ಡಾಕ್ಟರಮ್ಮ. "ಅರ್ಧ ದಿನ ಮಾತ್ರ. ಕವಾಟ ಏನಾದ್ರೂ ಹಟ ಮಾಡಿದ್ರೆ ನಿಮ್ಮ ವಾದ ನಾನು ಕೇಳಲ್ಲ."

"ಆಗ ನಾನೇ ಬಂದು ಮಲಗ್ತೀನಿ" ಎಂದಳು ಕಿಡಿಯಕ್ಕ.

ಹೊರಗಿನ ಓಣಿಯಲ್ಲಿ ಅವಳು ಉಸಿರು ತೆಗೆದುಕೊಳ್ಳಲು ಎರಡು ಸಲ ಗೋಡೆ ಹಿಡಿದು ನಿಂತಳು. ಎರಡನೇ ಸಲ ನಿಂತಾಗ ಕಾಮಾ ರಾಯರು ಮೊಬೈಲು ತೆಗೆದು ಬಡಗಿಗೆ ಫೋನು ಹಚ್ಚಿದರು. ನಾಳೆ ಕೀಲಿಗೆ ಬರಬೇಡ, ಶೆಡ್ಡಲ್ಲಿ ಕೆಲಸ ನಡೀತಿದೆ ಎಂದರು. ಆ ಕಡೆಯಿಂದ ಬಡಗಿ ಏನೋ ಗಾಬರಿಯಿಂದ ಕೇಳಿದ.

"ಡಾಕ್ಟರು ಅವಳಿಗೆ ಏನಂದ್ರು ಅಂತ ಕೇಳ್ಬೇಡಪ್ಪ" ಎಂದರು ಕಾಮಾ ರಾಯರು. "ಅವಳು ಡಾಕ್ಟರಿಗೆ ಏನಂದ್ಲು ಅಂತ ಕೇಳು."