ಮೂರು ಗುಂಡಿಯ ನಕ್ಷತ್ರ

ಅಕ್ಕ ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಕಾಜ ಹೊಲಿದು ಗುಂಡಿ ಹಾಕಿದವಳು. ಐವತ್ತು ದಾಟಿದ ನನ್ನನ್ನು ರಾತ್ರಿ ಶಾಲೆಗೆ ಅಟ್ಟಿದವಳೂ ಅವಳೇ. ಚಳಿಗಾಲದಲ್ಲಿ ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದೊಯ್ಯಲು ಬರುತ್ತಿದ್ದಳು; ಇಬ್ಬರೂ ನಡೆದು ಬರುವಾಗ, ಸಾಲಾಗಿ ನಿಂತ ಮೂರು ನಕ್ಷತ್ರ ತೋರಿಸಿ, "ನೋಡೇ, ಯಾರೋ ಅಂಗಿ ಒಣಹಾಕಿದಾರೆ" ಅನ್ನುತ್ತಿದ್ದಳು. ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿ ಎಂದು ಮೇಷ್ಟ್ರು ಹೇಳಿಕೊಟ್ಟ ಮೇಲೂ ನಮಗವು ಮೂರು ಗುಂಡಿಗಳೇ.

ಈ ಜೂನ್‌ನಲ್ಲಿ ಅಕ್ಕ ಹಾಸಿಗೆ ಹಿಡಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹೆಚ್ಚೆಂದರೆ ಒಂದು ತಿಂಗಳು ಎಂದರು. ಅಂದು ಸಂಜೆ ಅವಳು ಕೇಳಿದ್ದು ಒಂದೇ: "ನಮ್ ಗುಂಡಿ ಇನ್ನೊಂದ್ಸಲ ನೋಡ್ಬೇಕು ಕಣೇ."

"ಅದೇನು ಮಹಾ! ಇವತ್ತೇ ತೋರಿಸ್ತೀನಿ" ಎಂದುಬಿಟ್ಟೆ.

ಮಾತು ಕೊಟ್ಟಾದ ಮೇಲೆ ಶಾಲೆಯಲ್ಲಿ ಕೊಟ್ಟಿದ್ದ ತಾರಾನಕ್ಷೆ, ಆ ತಿರುಗಿಸುವ ರಟ್ಟಿನ ಬಿಲ್ಲೆ, ಹುಡುಕಿ ತೆಗೆದೆ. ಜೂನ್‌ಗೆ ತಿರುಗಿಸಿದರೆ ಗುಂಡಿಗಳು ಇಲ್ಲವೇ ಇಲ್ಲ. ಆಗ ಅವು ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆಯೇ ಮುಳುಗುತ್ತವೆ. ಮತ್ತೆ ಕಾಣುವುದು ಜುಲೈ ಕೊನೆಗೆ, ಬೆಳಗಿನ ಜಾವ, ಪೂರ್ವದಲ್ಲಿ. ಹಾಳು ಬಿಲ್ಲೆಯನ್ನು ಎಷ್ಟು ತಿರುಗಿಸಿದರೂ ಅಷ್ಟೇ.

ಮಂಚವನ್ನು ಪೂರ್ವದ ಕಿಟಕಿಗೆ ಎಳೆದೆ. ಕತ್ತಲಾದ ಮೇಲೆ ಬಲಗಡೆಗೆ, ವೃಶ್ಚಿಕದ ಎದೆಯ ಮೂರು ನಕ್ಷತ್ರ ಮೇಲೆ ಬಂದವು. "ಅಗೋ, ಅಕ್ಕಾ" ಎಂದೆ.

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ಮಧ್ಯದ್ದು ಕೆಂಪು. ಸಾಲೂ ಸೊಟ್ಟ. ಇಂಥ ಅಂಗಿ ನಾನು ಗಿರಾಕಿ ಕೈಗೆ ಕೊಡ್ತಿದ್ನಾ?"

"ತಪ್ಪಾಯ್ತು ಅಕ್ಕಾ. ನಮ್ಮವು ಬರೋದು ಜುಲೈ ಕೊನೆಗೆ."

ಬೆರಳು ಮಡಿಸಿ ವಾರ ಎಣಿಸಿದಳು. ಅರ್ಧಕ್ಕೆ ಬಿಟ್ಟಳು. "ಅಲ್ಲಿ ತನಕ ನಾನಿರಲ್ಲ ಅಂದ್ರಾ ಡಾಕ್ಟ್ರು? ಅದಕ್ಕೇ ಸುಳ್ಳು ಗುಂಡಿ ತೋರಿಸೋ ಅವಸರ."

ನಾನು ಕಿಟಕಿ ಮುಚ್ಚಲು ಎದ್ದೆ.

"ಪೆದ್ದಿ, ಇಷ್ಟಕ್ಕೇನಾ ನಿನ್ನ ಶಾಲೆಗೆ ಕಳ್ಸಿದ್ದು? ಬಾ, ಪಕ್ಕ ಕೂತ್ಕೊ. ಇದನ್ನೇ ನೋಡೋಣ."

ಜುಲೈ ಹನ್ನೊಂದಕ್ಕೆ ಹೋದಳು.

ಮಂಚವನ್ನು ನಾನು ಸರಿಸಲಿಲ್ಲ. ತಿಂಗಳ ಕೊನೆಯಲ್ಲೊಂದು ಬೆಳಗಿನ ಜಾವ ಅದರ ಅಂಚಿಗೆ ಕೂತೆ. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಬಂತು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಂದೇ ಬಣ್ಣ, ನೇರ ಸಾಲು, ಸಮ ಅಂತರ.

"ಇದನ್ನ ಗಿರಾಕಿಗೆ ಕೊಡ್ಬೋದು ಅಕ್ಕಾ" ಎಂದು ದಿಂಬಿಗೆ ಹೇಳಿದೆ.

ಆಮೇಲೆ ಬೆಳಕು ಬಂದು ಮೂರನ್ನೂ ಒಂದೊಂದಾಗಿ ಬಿಚ್ಚಿತು.