ಮಜೀದಾ ಬರೆದುಕೊಟ್ಟ ಮುಚ್ಚಳಿಕೆ

ಕೆಸರುಗೋಡಿನ ಆರೋಗ್ಯ ಕೇಂದ್ರಕ್ಕೆ ಕಾಯಂ ಡಾಕ್ಟರು ಇಲ್ಲದೆ ಆರು ವರ್ಷ ಕಳೆದಿತ್ತು. ಮೂರು ಕೇಂದ್ರಗಳ ಚಾರ್ಜು ಹೊತ್ತಿದ್ದ ವಿಜಯ್ ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಬಂದು ಹೋಗುತ್ತಿದ್ದರು. ಉಳಿದ ದಿನ ಜ್ವರಕ್ಕೂ ಹೆರಿಗೆಗೂ ಹಾವು ಕಡಿದದ್ದಕ್ಕೂ ನರ್ಸ್ ಮಜೀದಾ ಒಬ್ಬಳೇ.

ಅವಳಿಗೆ ಕೆಲಸ ಗೊತ್ತಿರಲಿಲ್ಲವೆಂದಲ್ಲ. ಡಾಕ್ಟರಿಲ್ಲದ ಕಡೆ ನರ್ಸೇ ರೋಗಿಯನ್ನು ನೋಡಿ ಔಷಧಿ ಕೊಡಬಹುದು ಎಂಬ ಯೋಜನೆಯಲ್ಲಿ ಅವಳನ್ನು ಆರಿಸಿ, ಒಂದೂವರೆ ವರ್ಷ ಮಂಗಳೂರಿನಲ್ಲಿಟ್ಟು ಕಲಿಸಿದ್ದರು. ಸರ್ಟಿಫಿಕೇಟು ಬಂತು. ಹಾಗೆ ಕೆಲಸ ಮಾಡಲು ಅಧಿಕಾರ ಕೊಡುವ ಆದೇಶ ಮಾತ್ರ ಬರಲೇ ಇಲ್ಲ.

ಹಿಂದಿನ ವರ್ಷ ಅದೇ ಊರಿನ ಸುಬ್ಬಯ್ಯನವರ ಸೊಸೆ ಚೈತ್ರಳಿಗೆ ಯಾವುದೋ ಮಾತ್ರೆ ಆಗಿಬರದೆ ಗಂಟಲು ಊದಿ ಉಸಿರು ಕಟ್ಟಿತ್ತು. ಮಜೀದಾ ಯಾರನ್ನೂ ಕೇಳಲಿಲ್ಲ. ಅಡ್ರಿನಲಿನ್ ತೆಗೆದು ತೊಡೆಗೆ ಚುಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ಹುಡುಗಿ ಎದ್ದು ಕೂತು ನೀರು ಕೇಳಿದಳು. ಸುಬ್ಬಯ್ಯನವರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯಲಿಲ್ಲ. ಡಾಕ್ಟರಿಲ್ಲದ ಆಸ್ಪತ್ರೆಯಲ್ಲಿ ಸಿಸ್ಟರ್ ಒಬ್ಬರು ಜೀವ ಉಳಿಸಿದರು ಎಂದು ಫೋಟೋ ಸಮೇತ ವಾಟ್ಸಾಪಿನಲ್ಲಿ ಹಾಕಿದರು. ಅದು ಊರೂರು ಸುತ್ತಿ ಮೇಲಿನ ಕಚೇರಿಗೂ ತಲುಪಿತು. ಯಾವ ಅಧಿಕಾರದ ಮೇಲೆ ಇಂಜೆಕ್ಷನ್ ಕೊಟ್ಟಿರಿ ಎಂದು ನೋಟಿಸು ಬಂತು. ವೈದ್ಯರ ಆದೇಶವಿಲ್ಲದೆ ಇನ್ನು ಮುಂದೆ ಯಾವ ಚುಚ್ಚುಮದ್ದನ್ನೂ ಕೊಡುವುದಿಲ್ಲವೆಂದು ಮಜೀದಾ ತನ್ನ ಕೈಯಾರೆ ಮುಚ್ಚಳಿಕೆ ಬರೆದುಕೊಟ್ಟಳು. ಮುಂದಿನ ಸಲ ಕೆಲಸವೇ ಹೋದೀತು ಎಂದು ಅಲ್ಲಿಯ ಗುಮಾಸ್ತ ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದ.

ಈ ಮಾಘದ ಒಂದು ಬುಧವಾರ ಹನ್ನೊಂದರ ಹೊತ್ತಿಗೆ ಅಡಿಕೆ ತೋಟದ ಯಜಮಾನ ನವೀನ ತನ್ನ ಕೆಲಸದವ ಐತನನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದ. ಐತ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು, ಐವತ್ತರ ಗಟ್ಟಿ ಆಳು. ಮರದ ಮೇಲಿದ್ದಾಗ ಪಕ್ಕದ ಹಲಸಿನಲ್ಲಿದ್ದ ಹೆಜ್ಜೇನಿಗೆ ಹದ್ದು ಹೊಡೆದು ಹುಳುಗಳೆಲ್ಲ ಎದ್ದು ಅವನನ್ನು ಮುತ್ತಿದ್ದವು. ಅವನ ಮುಖ ಗುರುತು ಸಿಗದ ಹಾಗೆ ಊದಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು. ಜೊತೆಗೆ ಬಂದ ಹೆಂಡತಿ ಯಲ್ಲಕ್ಕ ಅವನ ಕೂದಲಿನಿಂದ ಇನ್ನೂ ಹುಳು ಹೆಕ್ಕುತ್ತಿದ್ದಳು.

ಮಜೀದಾ ಆಕ್ಸಿಜನ್ ಹಾಕಿದಳು, ಅಡ್ರಿನಲಿನ್ ಸಿರಿಂಜಿಗೆ ಎಳೆದುಕೊಂಡಳು. ಅಲ್ಲಿಗೆ ಕೈ ನಿಂತಿತು. ಡಾಕ್ಟರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಇನ್ನೊಮ್ಮೆ ಮಾಡಿದಳು. ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು ಬಂತು. ಆಂಬುಲೆನ್ಸಿನವರನ್ನು ಕೇಳಿದರೆ ಬೇರೆ ಕೇಸಿಗೆ ಹೋಗಿದೆ, ಮುಕ್ಕಾಲು ಗಂಟೆಯಾಗುತ್ತದೆ ಎಂದರು.

"ಎಂತ ಕಾಯ್ತಿದೀರಿ ಮಾರಾಯ್ರೆ, ಮದ್ದು ಕೈಯಲ್ಲೇ ಉಂಟಲ್ಲ," ಎಂದ ನವೀನ.

"ಡಾಕ್ಟ್ರು ಹೇಳ್ಬೇಕು."

"ನೀವು ಚೈತ್ರಂಗೆ ಕೊಟ್ಟಿದ್ರಲ್ಲ ಸಿಸ್ಟರೇ?" ಎಂದ ನವೀನ ಮತ್ತೆ.

ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ ಅಬ್ದುಲ್ ಸತ್ತಾರ್, ಪಿಯುಸಿ ಓದುವ ಮಗಳು ಶಬಾನ ಮಜೀದಾಳ ಕಣ್ಣ ಮುಂದೆ ಬಂದರು. ಮೂರನೆಯ ಸಲ ಫೋನ್ ಮಾಡಿದಳು. ಐತನ ತುಟಿ ನೀಲಿಯಾಗುವುದನ್ನು ನೋಡಿದಾಗ ಸೂಜಿಯನ್ನು ಅವನ ತೊಡೆಗೆ ಇಳಿಸಿಬಿಟ್ಟಳು. ಅವನು ಬಂದು ಆಗಲೇ ಒಂಬತ್ತು ನಿಮಿಷವಾಗಿತ್ತು. ಎರಡನೆಯ ಡೋಸೂ ಕೊಟ್ಟಳು. ಎದೆ ಒತ್ತಿದಳು, ತನ್ನ ಕೈ ಸೋತ ಮೇಲೆ ನವೀನನಿಂದ ಒತ್ತಿಸಿದಳು. ಐತ ಉಸಿರಾಡಲಿಲ್ಲ.

ಆಮೇಲೆ ಡಾಕ್ಟರ ಫೋನ್ ಬಂತು. "ಅಡ್ರಿನಲಿನ್ ಕೊಡಿ ಸಿಸ್ಟರ್, ಅರ್ಧ ಎಂ.ಎಲ್., ತಡ ಮಾಡ್ಬೇಡಿ," ಎಂದರು. ಮಜೀದಾ ಸುದ್ದಿ ಹೇಳಿದಳು. ಡಾಕ್ಟರು, "ನಾನು ಫೋನಲ್ಲಿ ಹೇಳಿದ ಮೇಲೇ ಕೊಟ್ಟಿದ್ದು ಅಂತ ಬರೀರಿ. ನಿಮಗೂ ಒಳ್ಳೇದು," ಎಂದರು. ಅವರು ಕೆಟ್ಟವರಲ್ಲ. ಅವಳು ಹಾಗೆಯೇ ಬರೆದಳು.

ವಿಚಾರಣೆಗೆ ಬಂದವರು ಕಡತ ನೋಡಿ ಚಹಾ ಕುಡಿದರು. ಸಿಬ್ಬಂದಿ ನಿಯಮದಂತೆ ನಡೆದುಕೊಂಡಿದ್ದಾರೆ, ಲೋಪ ಕಂಡುಬಂದಿಲ್ಲ ಎಂದು ಷರಾ ಬರೆದರು. ಚೈತ್ರ ಬದುಕಿದ್ದಕ್ಕೆ ನೋಟಿಸು ಪಡೆದವಳು ಐತ ಸತ್ತದ್ದಕ್ಕೆ ಏನನ್ನೂ ಪಡೆಯಲಿಲ್ಲ.

ತಿಂಗಳು ಕಳೆದು ಯಲ್ಲಕ್ಕ ಬಿಪಿ ಮಾತ್ರೆಗೆ ಬಂದಳು. ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡ ಮೇಲೂ ಬೆಂಚು ಬಿಟ್ಟು ಏಳಲಿಲ್ಲ.

"ಅವತ್ತು ಬಂದ ಕೂಡ್ಲೆ ಆ ಸೂಜಿ ಹಾಕಿದ್ರೆ ಎಂತ ಆಗ್ತಿತ್ತು ಸಿಸ್ಟರೇ?"

ಕಡತದಲ್ಲಿ ಬರೆದದ್ದನ್ನೇ ಬಾಯಿಪಾಠ ಒಪ್ಪಿಸಬಹುದಿತ್ತು. ಮಜೀದಾಳಿಗೆ ಅದು ಆಗಲಿಲ್ಲ.

"ಉಳೀತಿದ್ರು ಯಲ್ಲಕ್ಕ. ನಂಗೆ ತಿಳಿದ ಮಟ್ಟಿಗೆ ಉಳೀತಿದ್ರು."

ಯಲ್ಲಕ್ಕ ಅಳಲಿಲ್ಲ, ಬೈಯಲಿಲ್ಲ. "ಹಂಗಾದ್ರೆ ಹೆದರಿದ್ರಿ," ಎಂದಳು.

"ಹೌದು."

"ನಂಗೂ ಹಂಗೇ ಅನ್ನಿಸಿತ್ತು," ಎಂದು ಎದ್ದು ಬಸ್ಸಿಗೆ ಹೊರಟಳು.

ಯುಗಾದಿ ಮುಗಿದ ಮೇಲೆ ಮಜೀದಾ ವರ್ಗಾವಣೆಗೆ ಅರ್ಜಿ ಹಾಕಿದಳು. ಪಕ್ಕದಲ್ಲಿ ಸದಾ ಡಾಕ್ಟರಿರುವ ಆಸ್ಪತ್ರೆ ಆದರೆ ಸಾಕು ಎಂದು ಕೇಳಿಕೊಂಡಳು. ಸರ್ಟಿಫಿಕೇಟಿನ ವಿಷಯ ಅರ್ಜಿಯಲ್ಲಿ ಬರೆಯಲಿಲ್ಲ. ಕೇಳಿದ್ದು ಸಿಕ್ಕಿತು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಕೆಸರುಗೋಡಿನ ಕೇಂದ್ರದ ಬಾಗಿಲು ಈಗ ಮಂಗಳವಾರ ಮತ್ತು ಶುಕ್ರವಾರ ಮಾತ್ರ ತೆರೆಯುತ್ತದೆ.