ಲಿಂಗಸುಗೂರಿನ ನುಗ್ಗೆಸೊಪ್ಪು

ಪ್ರತಿಭಾಗೆ ಈ ನುಗ್ಗೆಸೊಪ್ಪಿನ ಸಹವಾಸವೇ ಸಾಕಾಗಿತ್ತು. ಗರುಡಾಚಾರ್‌ಪಾಳ್ಯದ ಆ ಪುಟ್ಟ ಲ್ಯಾಬಿನಲ್ಲಿ ಅವಳು ಜೇನುತುಪ್ಪ, ಖಾರದ ಪುಡಿ, ಮಕ್ಕಳ ಹಿಟ್ಟು ಎಲ್ಲವನ್ನೂ ಪರೀಕ್ಷೆ ಮಾಡಿ ಕೊಟ್ಟಿದ್ದಳು. ಆನಂದ್‌ನಷ್ಟು ತಲೆ ತಿಂದವರು ಯಾರೂ ಇರಲಿಲ್ಲ.

ಆನಂದ್ ಕೆ.ಆರ್. ಪುರದ ಹಳೆಯ ರೈತ ಮನೆತನದವನು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ ಹಾಕಿಸಿ, ನುಗ್ಗೆಸೊಪ್ಪಿನ ಪುಡಿ ಮಾರಲು ಹೊರಟಿದ್ದ. ಸಕಲೇಶಪುರ, ಚಿಂತಾಮಣಿ, ಲಿಂಗಸುಗೂರು ಮೂರೂ ಕಡೆಯ ಎಲೆ ತಂದುಕೊಟ್ಟು, ಯಾವುದರಲ್ಲಿ ಆ್ಯಂಟಿಆಕ್ಸಿಡೆಂಟ್ ಜಾಸ್ತಿ ಇದೆ ಹೇಳಿ ಅಂದಿದ್ದ. ಲಿಂಗಸುಗೂರಿನದೇ ಮುಂದೆ, ಸಕಲೇಶಪುರದ್ದು ಕೊನೆ ಅಂತ ಅವಳು ಹೇಳಿದಾಗ ಅವನ ಮುಖ ಹುಳ್ಳಗಾಯಿತು. ಮೋಡ ಮುತ್ತಿದ ಸಕಲೇಶಪುರದ ಹಸಿರು ಗುಡ್ಡದ ಚಿತ್ರವಿರುವ ಡಬ್ಬಗಳು ಆಗಲೇ ಅಚ್ಚಿಗೆ ಹೋಗಿದ್ದವಂತೆ.

"ಇನ್ನೊಂದ್ಸಲ ನೋಡಿ ಮೇಡಂ."

ನೋಡಿದಳು. ಅದೇ ಬಂತು.

"ನಿಮ್ಮೂರು ಯಾವ್ದು ಮೇಡಂ?"

"ಲಿಂಗಸುಗೂರು."

"ಅದಕ್ಕೇ," ಅಂದ ಆನಂದ್, ಎಲ್ಲಾ ಅರ್ಥವಾದವನ ಹಾಗೆ.

ಪ್ರತಿಭಾಗೆ ಮೈ ಉರಿದುಹೋಯಿತು. ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಶೀಬಾಳನ್ನು ಕರೆದು, "ನನಗೂ ಗೊತ್ತಾಗದ ಹಾಗೆ ಬಾಟಲಿಗಳ ಮೇಲೆ ಬರೀ ನಂಬರ್ ಹಾಕಿಡು" ಅಂದಳು. ಮಾರನೇ ದಿನ ಆನಂದ್‌ನನ್ನೇ ಕರೆಸಿ ಅವನ ಕೈಗೆ ಗ್ಲೌಸ್ ತೊಡಿಸಿದಳು. ನೇರಳೆ ಬಣ್ಣದ ದ್ರಾವಣಕ್ಕೆ ಎಲೆಯ ಸಾರ ಬಿಡಬೇಕು. ಯಾವುದು ಬೇಗ ಹಳದಿಗೆ ತಿರುಗುತ್ತದೋ ಅದರಲ್ಲಿ ಸತ್ವ ಹೆಚ್ಚು. ಅವನೇ ಬಿಟ್ಟ. ಎರಡನೆಯದು ನೋಡನೋಡುತ್ತಲೇ ಬಿಳಿಚಿಕೊಂಡು ಹಳದಿಯಾಯಿತು. ಮಿಕ್ಕೆರಡು ಇನ್ನೂ ಮೀನಮೇಷ ಎಣಿಸುತ್ತಿದ್ದವು.

"ಎರಡು ಅಂದ್ರೆ ಲಿಂಗಸುಗೂರು," ಅಂದಳು ಶೀಬಾ.

ಆನಂದ್ ಗ್ಲೌಸ್ ಬಿಚ್ಚಿದ. "ಸರಿ ಮೇಡಂ, ಒಪ್ಕೊಂಡೆ. ಎಲೆ ಅಲ್ಲಿಂದಾನೇ ತರಿಸ್ತೀನಿ."

ಪ್ರತಿಭಾ ರಿಪೋರ್ಟಿಗೆ ಸಹಿ ಹಾಕಲು ಪೆನ್ನು ತೆಗೆದಳು.

"ಡಬ್ಬ ಮಾತ್ರ ಹಂಗೇ ಇರ್ಲಿ. ಗುಡ್ಡ ನೋಡಿದ್ರೇನೇ ಜನ ತಗೊಳ್ಳೋದು."

ಇಷ್ಟು ವರ್ಷ ಬೆಂಗಳೂರಲ್ಲಿದ್ದು ರೂಢಿಸಿಕೊಂಡ ಮಾತೆಲ್ಲ ಅವಳ ಬಾಯಿಂದ ಜಾರಿಹೋಯಿತು. "ನೋಡ್ರಿ, ಗುಡ್ಡದ ಡಬ್ಬಿಗಿ ನಾ ಸಹಿ ಮಾಡೂದಿಲ್ಲ. ರಿಪೋರ್ಟ್ ಬೇಕಂದ್ರ ಎಲಿ ಎಲ್ಲಿಂದ ಬಂದದೋ ಆ ಊರಿನ ಹೆಸರು ಹಾಕ್ರಿ. ಇಲ್ಲಾಂದ್ರ ಈ ಸೊಪ್ಪು ಮನಿಗಿ ಒಯ್ದು ಪಲ್ಯ ಮಾಡಿಸ್ಕೊಂಡು ಉಣ್ರಿ."

ಶೀಬಾ ನಗು ತಡೆಯಲಾರದೆ ಸಿಂಕಿನ ಕಡೆ ತಿರುಗಿದಳು. ಆನಂದ್ ಬಾಗಿಲ ಹೊರಗೆ ಹೋಗಿ ಶಿವಾಜಿನಗರದ ಪ್ರಿಂಟರಿಗೆ ಫೋನ್ ಮಾಡಿ ತಮಿಳಲ್ಲೂ ಕನ್ನಡದಲ್ಲೂ ಬಹಳ ಹೊತ್ತು ಜಗಳಾಡಿದ. ಆಮೇಲೆ ಫೋನ್ ಹಿಡಿದುಕೊಂಡೇ ಒಳಗೆ ತಲೆ ಹಾಕಿದ.

"ಗುಡ್ಡ ತೆಗೀತಾನಂತೆ. ಆ ಜಾಗಕ್ಕೆ ಏನ್ ಹಾಕ್ಲಿ ಅಂತಾವ್ನೆ. ನಿಮ್ಮೂರಲ್ಲಿ ಏನಿದೆ ಮೇಡಂ?"

"ಬಿಸಿಲು," ಅಂದಳು ಪ್ರತಿಭಾ. ಆ ಬಿಸಿಲಿಗೆ, ನೀರಿನ ಬರಕ್ಕೆ ತಡೆದು ನಿಲ್ಲಲೆಂದೇ ಗಿಡ ಎಲೆಯಲ್ಲಿ ಇಂಥ ಸತ್ವ ಕೂಡಿಟ್ಟುಕೊಳ್ಳುತ್ತಿರಬೇಕು ಎಂದು ವಿವರಿಸಹೋದಳು. ಅವನು ಅರ್ಧ ಮಾತ್ರ ಕೇಳಿಸಿಕೊಂಡು ಫೋನನ್ನು ಕಿವಿಗಿಟ್ಟ.

"ಸೂರ್ಯನ್ನ ಹಾಕಪ್ಪ, ದೊಡ್ಡದಾಗಿ. ಕೆಳಗೆ ಮೂಲೇಲಿ ಗುಡ್ಡಾನೂ ಇರ್ಲಿ, ಚಿಕ್ಕದು."

ಪ್ರತಿಭಾ ಸಹಿ ಹಾಕದ ರಿಪೋರ್ಟನ್ನು ಎತ್ತಿ ಡ್ರಾಯರಿಗೆ ಹಾಕಿದಳು.

"ಬೇಡ, ಬೇಡ," ಅಂದ ಆನಂದ್ ಫೋನಿಗೆ. "ಬರೀ ಸೂರ್ಯ ಸಾಕು."